ದೇವಾಲಯದ ಮಾಳಿಗೆಯೂ ಅದು ಹೊರುವ ಹೊರೆಯೂ

ಶಿಲ್ಪಶಾಸ್ತ್ರಜ್ಞರು ದೇವಾಲಯವನ್ನು ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ ಎಂದು ಆರು ಅಂಗಗಳಾಗಿ ವಿಂಗಡಿಸಿ, ಇವನ್ನು ಷಡ್ವರ್ಗವೆಂದು ಕರೆದಿರುವರು. ಭಕ್ತರು ದೂರದಿಂದ ನೋಡಿ ಕೈಮುಗಿಯುವುದು ಶಿಖರಕ್ಕೆ. ಹತ್ತಿರ ಬಂದು ಹಣೆ ಮುಟ್ಟಿಸುವುದು ಹೊಸ್ತಿಲಿಗೆ. ಇವೆರಡರ ನಡುವೆ ಪ್ರಸ್ತರದ ಮಟ್ಟದಲ್ಲಿ ಹರಡಿಕೊಂಡಿರುವ ಮಾಳಿಗೆಯ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ. ಆದರೆ ಬಿಸಿಲು, ಮಳೆ, ಜನ ಇವುಗಳ ಭಾರವನ್ನು ವರ್ಷವಿಡೀ ತಾಳಿಕೊಂಡು, ಕೆಳಗಿರುವ ದೇವರಿಗೂ ಭಕ್ತರಿಗೂ ನೆರಳಾಗಿರುವುದು ಅದೇ. ಜೀರ್ಣೋದ್ಧಾರದ ಕೆಲಸದಲ್ಲಿ ಮೊದಲು ಕೆಡುವುದು ಮಾಳಿಗೆ; ಕಡೆಯಲ್ಲಿ ಜ್ಞಾಪಕಕ್ಕೆ ಬರುವುದೂ ಮಾಳಿಗೆಯೇ. ಆದುದರಿಂದ ಜನರು ನಡೆದಾಡತಕ್ಕ, ಹಾಸುಗಲ್ಲನ್ನು ಹೊರತಕ್ಕ ಸಮತಟ್ಟಾದ ಮಾಳಿಗೆಯನ್ನು ಹೇಗೆ ಯೋಚಿಸಿ ಕಟ್ಟಬೇಕೆಂಬುದನ್ನು ಆಸ್ತಿಕರೆಲ್ಲರೂ ಸ್ಥೂಲವಾಗಿಯಾದರೂ ತಿಳಿದಿರುವುದು ಲೇಸು.

ಮಾಳಿಗೆ ಮತ್ತು ಮಿದ್ದೆ

ಮಡಕಶಿರಾ, ರಾಯದುರ್ಗ, ಆದೋನಿ ಸೀಮೆಗಳ ಜನರಿಗೆ ಸಮತಟ್ಟಾದ ಮಾಳಿಗೆ ಹೊಸದಲ್ಲ. ಕನ್ನಡದಲ್ಲಿ ಮಾಳಿಗೆ ಎಂದರೂ ತೆಲುಗಿನಲ್ಲಿ ಮಿದ್ದೆ ಎಂದರೂ ವಸ್ತು ಒಂದೇ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಮಲೆನಾಡಿನಂತೆ ಕಡಿದಾದ ಇಳಿಜಾರಿನ ಸೂರು ಬೇಕಾಗಲಿಲ್ಲ. ಹಳೆಯ ಮನೆಗಳಲ್ಲಿ ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಅಥವಾ ಚಪ್ಪಡಿ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು ಎಂಬ ಕ್ರಮವಿತ್ತು. ಚೌಳು ಮಣ್ಣಿನಲ್ಲಿ ಹುಲ್ಲು ಸುಲಭವಾಗಿ ಬೆಳೆಯದು. ನೆನೆದಾಗ ಅದು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವುದು. ಆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಬೇಸಿಗೆಯ ರಾತ್ರಿಯಲ್ಲಿ ಮನೆಮಂದಿಯೆಲ್ಲ ಅಲ್ಲಿಯೇ ಮಲಗುತ್ತಿದ್ದರು. ಮಾಳಿಗೆಯೆಂದರೆ ನಡೆದಾಡುವ ಸ್ಥಳವೆಂಬ ಭಾವನೆ ಈ ಸೀಮೆಯವರಿಗೆ ಹುಟ್ಟಿನಿಂದಲೇ ಬಂದಿದೆ.

ಈ ಅಭ್ಯಾಸವೇ ದೇವಾಲಯದ ವಿಷಯದಲ್ಲಿ ಅಪಾಯಕ್ಕೂ ಕಾರಣವಾಗಬಲ್ಲದು. ಮನೆಯ ಮಾಳಿಗೆಯ ಮೇಲೆ ಏರುವವರು ಐದಾರು ಜನ. ದೇವಾಲಯದ ಮಾಳಿಗೆಯ ಮೇಲೆ ಸಾಮಾನ್ಯ ದಿನಗಳಲ್ಲಿ ಕಸ ಗುಡಿಸುವವನೊಬ್ಬನು ಹೊರತು ಮತ್ತಾರೂ ಏರರು. ಆದರೆ ಕುಂಭಾಭಿಷೇಕದ ದಿನ ಋತ್ವಿಜರು ಕಲಶಗಳನ್ನು ಹೊತ್ತು ಶಿಖರದ ಬಳಿಗೆ ಹೋಗಬೇಕು. ಅವರ ಹಿಂದೆ ದಾನಿಗಳು, ಅವರ ಹಿಂದೆ ಊರಿನ ಯುವಕರು ಹೋಗುವರು. ರಥೋತ್ಸವದ ದಿನ ತೇರನ್ನು ನೋಡಲೆಂದು ಜನರು ಮುಖಮಂಟಪದ ಮಾಳಿಗೆಯ ಅಂಚಿನಲ್ಲಿ ಒತ್ತಾಗಿ ನಿಲ್ಲುವರು. ಕಾರ್ತಿಕದಲ್ಲಿ ದೀಪ ಹಚ್ಚಲು ಹೆಂಗಸರೂ ಮಕ್ಕಳೂ ಏರುವರು. ವರ್ಷದಲ್ಲಿ ೩೬೦ ದಿನ ಬರಿದಾಗಿರುವ ಮಾಳಿಗೆ ಉಳಿದ ನಾಲ್ಕೈದು ದಿನ ಸಭಾಮಂದಿರದ ನೆಲವಾಗುವುದು. ಮಾಳಿಗೆಯನ್ನು ಯೋಚಿಸತಕ್ಕದ್ದು ಆ ನಾಲ್ಕೈದು ದಿನಗಳಿಗಾಗಿ.

ಈ ಮಾತು ಬರಿಯ ಊಹೆಯಲ್ಲ. ೨೦೨೩ನೆಯ ಮಾರ್ಚ್ ೩೦ರಂದು, ಶ್ರೀರಾಮನವಮಿಯ ದಿನ, ಇಂದೋರ್ ನಗರದ ಬೇಲೇಶ್ವರ ಮಹಾದೇವ ದೇವಾಲಯದಲ್ಲಿ ಹಳೆಯ ಮೆಟ್ಟಿಲುಬಾವಿಯನ್ನು ಮುಚ್ಚಿದ್ದ ಹಾಸು, ಪೂಜೆಗೆ ನೆರೆದಿದ್ದ ಜನರೊಡನೆ ಕುಸಿದು ಬಿದ್ದಿತು. ೩೬ ಮಂದಿ ಪ್ರಾಣ ಕಳೆದುಕೊಂಡರು. ಅದು ಕೆಳಗೆ ಬಾವಿಯಿದ್ದ ನೆಲ, ಇದು ಕೆಳಗೆ ಮಂಟಪವಿರುವ ಮಾಳಿಗೆ. ಆದರೆ ಎರಡಕ್ಕೂ ಅನ್ವಯಿಸುವ ಪ್ರಶ್ನೆ ಒಂದೇ. ಮೇಲೆ ಎಷ್ಟು ಭಾರ ಬರುವುದು? ಕೆಳಗಿರುವುದು ಎಷ್ಟನ್ನು ಹೊರಬಲ್ಲದು?

ಭಾರದ ಲೆಕ್ಕ

ಭಾರವು ಎರಡು ವಿಧ. ಕಟ್ಟಡವು ತನ್ನದೇ ಆಗಿ ಯಾವಾಗಲೂ ಹೊರುವ ಚಪ್ಪಡಿ, ಗಚ್ಚು, ಹಾಸುಗಲ್ಲು ಮುಂತಾದುವುಗಳದು ಸ್ಥಿರಭಾರ. ಬಂದು ಹೋಗುವ ಜನ, ಸಾಮಾನು, ನಿಂತ ನೀರು ಇವುಗಳದು ಚರಭಾರ. ಸಂಸಾರದ ಲೆಕ್ಕದಲ್ಲಿ ನಿತ್ಯದ ಖರ್ಚು ಬೇರೆ, ಹಬ್ಬದ ಖರ್ಚು ಬೇರೆಯಾದರೂ ಎರಡನ್ನೂ ಕೊಡಬೇಕಾದದ್ದು ಒಂದೇ ಗಂಟಿನಿಂದ. ಹಾಗೆಯೇ ಎರಡು ಭಾರಗಳನ್ನೂ ಹೊರಬೇಕಾದುವು ಅದೇ ಕಂಬ, ಅದೇ ತೊಲೆ. ಸ್ಥಿರಭಾರ ಹೆಚ್ಚಿದಷ್ಟೂ ಚರಭಾರಕ್ಕೆ ಉಳಿಯುವ ಶಕ್ತಿ ಕಡಿಮೆಯಾಗುವುದು.

ಒಂದು ಚದರ ಅಡಿ ಅಗಲ, ಒಂದು ಅಂಗುಲ ದಪ್ಪವಾದ ಪದರಕ್ಕೆ ಎಷ್ಟು ತೂಕವೆಂದು ತಿಳಿದರೆ ಯಾರು ಬೇಕಾದರೂ ಸ್ಥಿರಭಾರದ ಲೆಕ್ಕ ಹಾಕಬಹುದು. ಕರಿಕಲ್ಲು ಅಥವಾ ಕಡಪ ಕಲ್ಲಾದರೆ ಸುಮಾರು ೬.೨ ಕಿಲೋ, ಆರ್.ಸಿ.ಸಿ. ಆದರೆ ೬ ಕಿಲೋ. ಸಿಮೆಂಟ್ ಗಾರೆಗೆ ೫ ಕಿಲೋ. ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚಿಗೆ ೪.೫ ಕಿಲೋ, ನೆನೆದ ಮಣ್ಣಿಗೂ ಸುಮಾರು ೪.೫ ಕಿಲೋ, ನೀರಿಗೆ ೨.೪ ಕಿಲೋ.

ಚರಭಾರಕ್ಕೆ ಭಾರತೀಯ ಮಾನಕ ಸಂಸ್ಥೆಯು ೧೯೮೭ರಲ್ಲಿ ಪ್ರಕಟಿಸಿದ ಐ.ಎಸ್. ೮೭೫ರ ಎರಡನೆಯ ಭಾಗವು ಪ್ರಮಾಣವಾಗಿದೆ. ದುರಸ್ತಿಗಾಗಿ ಮಾತ್ರ ಏರುವ ಸಮತಟ್ಟಾದ ಮಾಳಿಗೆಗೆ ಚದರ ಅಡಿಗೆ ಸುಮಾರು ೭ ಕಿಲೋ, ಜನರು ಹೋಗಿಬರುವ ಮಾಳಿಗೆಗೆ ಸುಮಾರು ೧೪ ಕಿಲೋ ಎಂದು ಅದರಿಂದ ಲೆಕ್ಕ ದೊರೆಯುವುದು. ಸ್ಥಿರವಾದ ಆಸನಗಳಿಲ್ಲದೆ ಜನರು ಗುಂಪಾಗಿ ಸೇರುವ ನೆಲಕ್ಕಾದರೋ ಚದರ ಅಡಿಗೆ ಸುಮಾರು ೪೭ ಕಿಲೋ ಹಿಡಿಯತಕ್ಕದ್ದು. ರಥೋತ್ಸವದ ದಿನದ ಮಾಳಿಗೆ ಯಾವ ವರ್ಗಕ್ಕೆ ಸೇರಿದ್ದೆಂದು ಬೇರೆ ಹೇಳಬೇಕಾಗಿಲ್ಲ. ಮನೆಯ ಮಾಳಿಗೆಯ ೧೪ ಕಿಲೋ ಲೆಕ್ಕದಲ್ಲಿ ಕಟ್ಟಿದುದರ ಮೇಲೆ ಜಾತ್ರೆಯ ೪೭ ಕಿಲೋ ಏರಿಸುವುದು, ಮೂರು ರೂಪಾಯಿಗೂ ಮೀರಿದ ಖರ್ಚನ್ನು ಒಂದು ರೂಪಾಯಿಯ ಜಮೆಯಿಂದ ತೀರಿಸಹೊರಟಂತೆ.

ಉದಾಹರಣೆಗೆ ಹತ್ತು ಅಡಿ ಚೌಕದ ಒಂದು ಅಂಕಣವನ್ನು ಭಾವಿಸಬಹುದು. ಮೊದಲು ಕಟ್ಟಿದವರು ೮ ಅಂಗುಲದ ಚಪ್ಪಡಿ ಹೊದಿಸಿ, ಮೇಲೆ ೪ ಅಂಗುಲ ಸುಣ್ಣದ ಗಚ್ಚನ್ನು ಬಡಿದಿದ್ದರು. ಚದರ ಅಡಿಗೆ ಚಪ್ಪಡಿಯದು ೪೯.೬, ಗಚ್ಚಿನದು ೧೮, ಒಟ್ಟು ೬೭.೬ ಕಿಲೋ. ಅನಂತರದ ತಲೆಮಾರಿನಲ್ಲಿ ಸೋರಿತೆಂದು ೩ ಅಂಗುಲ ಮಣ್ಣು ಹರಡಿದರು; ೧೩.೫ ಕಿಲೋ ಸೇರಿತು. ಮತ್ತೊಮ್ಮೆ ಸೋರಿತೆಂದು ೨ ಅಂಗುಲ ಸಿಮೆಂಟ್ ಹಾಕಿದರು. ೧೦ ಕಿಲೋ ಸೇರಿತು. ಮೊತ್ತವು ೯೧.೧ ಆಯಿತು. ಈಗ ಜೀರ್ಣೋದ್ಧಾರದ ಉತ್ಸಾಹದಲ್ಲಿ ಒಂದೂವರೆ ಅಂಗುಲ ಗಾರೆಯ ಮೇಲೆ ಒಂದೂವರೆ ಅಂಗುಲದ ಹಾಸುಗಲ್ಲನ್ನು ಹಾಕಿದರೆ ೧೬.೮ ಕಿಲೋ ಸೇರಿ ೧೦೭.೯ ಆಗುವುದು. ಅದರ ಮೇಲೆ ಜಾತ್ರೆಯ ಜನ ನಿಂತರೆ ೪೭ ಕೂಡಿ ಸುಮಾರು ೧೫೫ ಕಿಲೋ. ಕಟ್ಟಿದ ದಿನ ಆ ಅಂಕಣವು ಹೊತ್ತದ್ದು ಆರೂಮುಕ್ಕಾಲು ಟನ್ನು. ಉತ್ಸವದ ದಿನ ಹೊರಬೇಕಾದದ್ದು ಹದಿನೈದೂವರೆ ಟನ್ನು. ಕಂಬಗಳು ಅವೇ ನಾಲ್ಕು, ತೊಲೆಗಳು ಅವೇ.

ಇದೇ ಲೆಕ್ಕವನ್ನು ಮತ್ತೊಂದು ಬಗೆಯಾಗಿ ನೋಡತಕ್ಕದ್ದು. ಮೊದಲು ಮಣ್ಣನ್ನೂ ಸಿಮೆಂಟನ್ನೂ ಇಳಿಸಿದರೆ ಚದರ ಅಡಿಗೆ ೨೩.೫ ಕಿಲೋ ತಗ್ಗುವುದು. ಹಳೆಯ ಗಚ್ಚನ್ನು ಸರಿಪಡಿಸಿ, ಒಂದಂಗುಲ ಗಾರೆಯ ಮೇಲೆ ಒಂದಂಗುಲದ ತೆಳುಗಲ್ಲನ್ನು ಹಾಸಿದರೆ ಸೇರುವುದು ೧೧.೨ ಕಿಲೋ ಮಾತ್ರ. ಸ್ಥಿರಭಾರ ೭೮.೮ಕ್ಕೆ ನಿಲ್ಲುವುದು. ಹಾಸುಗಲ್ಲು ಬಂದಮೇಲೂ ಆ ಅಂಕಣವು ಹಿಂದಿಗಿಂತ ಹನ್ನೆರಡು ಕ್ವಿಂಟಲಿಗೂ ಹೆಚ್ಚು ಹಗುರವಾಯಿತು. ಇಳಿಸಿದ ಮೇಲೆಯೇ ಏರಿಸುವುದು, ಇಳಿಸಿದುದಕ್ಕಿಂತ ಕಡಿಮೆ ಏರಿಸುವುದು: ಹಳೆಯ ದೇವಾಲಯದ ಮಾಳಿಗೆಗೆ ಇದಕ್ಕಿಂತ ದೊಡ್ಡ ಸೂತ್ರವಿಲ್ಲ.

ಕಲ್ಲಿನ ಸ್ವಭಾವ

ಕಲ್ಲು ಗಟ್ಟಿಯೆಂಬ ನಂಬಿಕೆಯಿಂದಲೇ ಜನರು ಮೋಸಹೋಗುವರು. ಕಲ್ಲು ಒತ್ತಡವನ್ನು ತಾಳುವುದರಲ್ಲಿ ಗಟ್ಟಿ. ಎಳೆತವನ್ನು ತಾಳುವುದರಲ್ಲಿ ಅಲ್ಲ. ಕರಿಕಲ್ಲು ಒತ್ತಡವನ್ನು ತಾಳುವ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲಿನಷ್ಟು, ಅನೇಕ ವೇಳೆ ಅದಕ್ಕಿಂತಲೂ ಕಡಿಮೆ, ಎಳೆತವನ್ನು ತಾಳುವುದು. ಕಂಬದಲ್ಲಿ ಕಲ್ಲಿನ ಮೇಲೆ ಬರುವುದು ಒತ್ತಡ. ಅಲ್ಲಿ ಅದು ಶತಮಾನಗಳವರೆಗೆ ಅಲುಗದೆ ನಿಲ್ಲುವುದು. ತೊಲೆಯಲ್ಲಿ ಮತ್ತು ಚಪ್ಪಡಿಯಲ್ಲಿ ಮೇಲ್ಮೈಗೆ ಒತ್ತಡ, ತಳಮೈಗೆ ಎಳೆತ. ಆದಕಾರಣ ಚಪ್ಪಡಿ ಸೀಳುವುದು ಕೆಳಗಿನಿಂದ, ನಟ್ಟನಡುವೆ.

ಮರದ ತೊಲೆ ಮುರಿಯುವ ಮೊದಲು ಬಾಗುವುದು, ಕಿರುಗುಟ್ಟುವುದು. ಸರಿಯಾಗಿ ಕಟ್ಟಿದ ಆರ್.ಸಿ.ಸಿ.ಯಲ್ಲಿ ಒಳಗಿನ ಉಕ್ಕು ಎಳೆತವನ್ನು ಹೊರುವುದರಿಂದ ಮೊದಲು ಬಿರುಕು ಕಾಣಿಸಿ ಎಚ್ಚರಿಕೆ ದೊರೆಯುವುದು. ಕಲ್ಲಿನ ತೊಲೆಯಲ್ಲಿ ಆ ದಾಕ್ಷಿಣ್ಯವಿಲ್ಲ; ಅದು ಒಂದೇ ಕ್ಷಣದಲ್ಲಿ ಎರಡಾಗುವುದು. ಇದನ್ನು ಬಲ್ಲ ಪ್ರಾಚೀನ ಶಿಲ್ಪಿಗಳು ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ, ಬೋದಿಗೆಗಳನ್ನು ಎರಡೂ ಕಡೆಗೆ ಚಾಚಿ, ಕಲ್ಲು ಆಧಾರವಿಲ್ಲದೆ ನಿಲ್ಲಬೇಕಾದ ಅಂತರವನ್ನು ಕಿರಿದುಮಾಡಿದರು. ಹೊರೆ ಒಂದೇ ಸಮನಾಗಿ ಹರಡಿರುವಾಗ ಅಂತರವು ಎರಡರಷ್ಟಾದರೆ ಬಾಗಿಸುವ ಬಲವು ನಾಲ್ಕರಷ್ಟಾಗುವುದು. ಸ್ಥಳ ವಿಶಾಲವಾಗಲಿ ಎಂದು ಹಳೆಯ ಮಂಟಪದ ಒಂದು ಕಂಬವನ್ನು ತೆಗೆಯುವುದು ಎಷ್ಟು ಘಾತಕವೆಂಬುದು ಇದರಿಂದಲೇ ತಿಳಿಯುವುದು.

ಹಿಂದೂಪುರದ ಸಮೀಪದ ಲೇಪಾಕ್ಷಿಯ ಶ್ರೀ ವೀರಭದ್ರಸ್ವಾಮಿಯ ದೇವಾಲಯಕ್ಕೆ ಹೋದವರೆಲ್ಲರೂ ಅಲ್ಲಿಯ ತೂಗುಕಂಬದ ಕೆಳಗೆ ಬಟ್ಟೆಯನ್ನು ಹಾಯಿಸಿ ನೋಡಿ ಬೆರಗಾಗುವರು. ಆ ಬೆರಗಿನೊಡನೆ ಮತ್ತೊಂದು ವಿಷಯವನ್ನೂ ಯೋಚಿಸಬಹುದು. ಆ ಕಂಬವು ನೆಲಕ್ಕೆ ಮುಟ್ಟಿಸದ ಭಾರವು ಆಕಾಶಕ್ಕೆ ಹೋಗಲಿಲ್ಲ. ತೊಲೆಗಳ ಮೂಲಕ ಅಕ್ಕಪಕ್ಕದ ಕಂಬಗಳು ಅದನ್ನು ಹೊರುತ್ತಿವೆ. ಒಬ್ಬನು ಕೈಬಿಟ್ಟ ಹೊರೆ ನೆರೆಯವನ ಹೆಗಲಿಗೆ ಬರುವುದೆಂಬ ನ್ಯಾಯ ಕಟ್ಟಡಕ್ಕೂ ಸಲ್ಲುವುದು. ಅದೇ ದೇವಾಲಯದ ಮಂಟಪಗಳಲ್ಲಿ ಚಪ್ಪಡಿಗಳ ತಳಮೈಯೇ ವಿಜಯನಗರ ಕಾಲದ ಪ್ರಸಿದ್ಧ ವರ್ಣಚಿತ್ರಗಳಿಗೆ ಆಧಾರವಾಗಿದೆ. ಮೇಲಿನಿಂದ ಇಳಿಯುವ ಒಂದು ತೊಟ್ಟು ನೀರು ಅಲ್ಲಿ ಏನು ಮಾಡಬಲ್ಲದೆಂಬುದನ್ನು ಯಾರೂ ಊಹಿಸಬಹುದು.

ಕೆಲಸಕ್ಕೆ ಮೊದಲು ಮಾಡಬೇಕಾದ ಪರೀಕ್ಷೆ

ಮಾಳಿಗೆಯ ಪರೀಕ್ಷೆಯನ್ನು ಮೇಲಿನಿಂದಲ್ಲ, ಕೆಳಗಿನಿಂದ ಆರಂಭಿಸತಕ್ಕದ್ದು. ಹಗಲಿನಲ್ಲಿ ದೀಪ ಹಿಡಿದು ಪ್ರತಿಯೊಂದು ತೊಲೆಯ ಹಾಗೂ ಚಪ್ಪಡಿಯ ನಡುಭಾಗವನ್ನು ನೋಡಬೇಕು. ಸುಣ್ಣ ಬಳಿದಿದ್ದರೆ ಬಿರುಕು ಮರೆಯಾಗಿರುವುದು. ಸುಣ್ಣವನ್ನು ಜಾಗ್ರತೆಯಿಂದ ತೆಗೆದು ನೋಡತಕ್ಕದ್ದು, ಚಿತ್ರವಿರುವ ಕಡೆ ಮುಟ್ಟಲೇ ಕೂಡದು. ಬಿಳಿಯ ಉಪ್ಪು ಹೂತಿರುವ ಸ್ಥಳ ನೀರಿನ ಹಾದಿಯನ್ನು ತೋರಿಸುವುದು. ತೊಲೆಯ ತುದಿ ಬೋದಿಗೆಯ ಮೇಲೆ ಎಷ್ಟು ಅಂಗುಲ ಕುಳಿತಿದೆ, ಕಂಬಕ್ಕೆ ತೂಗುಗುಂಡು ಹಿಡಿದರೆ ನೇರವಾಗಿದೆಯೇ, ಇವನ್ನು ಗುರುತಿಸಿಕೊಳ್ಳಬೇಕು. ಬಿರುಕಿನ ಅಡ್ಡಕ್ಕೆ ತೆಳುವಾದ ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ ತಾರೀಖು ಬರೆದಿಟ್ಟರೆ, ಗಾಜು ಒಡೆಯಿತೇ ಇಲ್ಲವೇ ಎಂಬುದರಿಂದ ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯುವುದು. ಆಮೇಲೆ ಮೇಲೇರಿ, ಒಂದೆರಡು ಕಡೆ ಅಡಿಯಗಲದ ಗುಳಿ ತೆಗೆದು, ಯಾವ ಪದರ ಎಷ್ಟು ದಪ್ಪವಿದೆಯೆಂದು ಅಳೆಯಬೇಕು.

ಇಷ್ಟು ವಿವರವನ್ನು ಕೈಯಲ್ಲಿ ಹಿಡಿದು ಕಟ್ಟಡಗಳ ಭಾರಗಣಿತ ಬಲ್ಲ ಎಂಜಿನಿಯರರ ಬಳಿಗೆ ಹೋಗಬೇಕು. ತೂಕವನ್ನು ಕೂಡಿಸುವ ಲೆಕ್ಕ ಯಾರಾದರೂ ಮಾಡಬಹುದು. ಈ ತೊಲೆ ಎಷ್ಟು ಹೊರಬಲ್ಲದೆಂಬ ನಿರ್ಣಯ ಅವರದೇ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಾಲಯವಾದರೆ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸಕೂಡದು.

ಹೊಸದಾಗಿ ಆರ್.ಸಿ.ಸಿ. ಮಂಟಪ ಕಟ್ಟುವವರಿಗೂ ಇದೇ ಮಾತು ಅನ್ವಯಿಸುವುದು. ಮಾಳಿಗೆಯ ಮೇಲೆ ಹಾಸುಗಲ್ಲು ಬರುವುದು, ಉತ್ಸವದಲ್ಲಿ ಜನ ಸೇರುವರು ಎಂಬುದನ್ನು ನಕ್ಷೆ ಬರೆಯುವ ಮೊದಲೇ ಎಂಜಿನಿಯರರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಒಳಗಿನ ಉಕ್ಕನ್ನು ಹೆಚ್ಚಿಸಲು ಬರುವುದಿಲ್ಲ. ನೀರಿನ ತೊಟ್ಟಿಯನ್ನೂ ಮರೆಯಕೂಡದು. ಸಾವಿರ ಲೀಟರಿನ ತೊಟ್ಟಿ ತುಂಬಿದಾಗ ಒಂದು ಟನ್ನು. ಮೂರೂವರೆ ಅಡಿ ಅಡ್ಡಳತೆಯ ತಳದಲ್ಲಿ ಅದು ಚದರ ಅಡಿಗೆ ಸುಮಾರು ನೂರು ಕಿಲೋ ಊರುವುದು. ಅದರ ಸ್ಥಾನವು ಗೋಡೆಯ ಅಥವಾ ಕಂಬಗಳ ನೆತ್ತಿಯ ಮೇಲೆ ಆಗಬೇಕೇ ಹೊರತು ಅಂಕಣದ ನಡುವೆ ಅಲ್ಲ.

ನೀರಿನ ಹಾದಿ

ಭಾರದ ಅನಂತರ ಯೋಚಿಸಬೇಕಾದದ್ದು ನೀರು. ಸಮತಟ್ಟಾದ ಮಾಳಿಗೆಯೆಂದು ಹೆಸರಾದರೂ ಅದು ನಿಜವಾಗಿ ಸಮತಟ್ಟಾಗಿರಕೂಡದು. ಎಂಟು ಅಡಿಗೆ ಒಂದು ಅಂಗುಲವಾದರೂ ವಾಟವಿರಬೇಕು. ಹಾಸುಗಲ್ಲು ಒರಟಾಗಿದ್ದರೆ ಐದು ಅಡಿಗೆ ಒಂದು ಅಂಗುಲ ಕೊಟ್ಟರೂ ಹೆಚ್ಚಲ್ಲ. ಆದರೆ ವಾಟಕ್ಕಾಗಿ ತುಂಬುವ ಗಾರೆಯೂ ಭಾರವೇ. ಮೂವತ್ತು ಅಡಿ ಉದ್ದದ ಮಾಳಿಗೆಯ ನೀರನ್ನೆಲ್ಲ ಒಂದೇ ಕಡೆಗೆ ಹರಿಸಿದರೆ, ಎಂಟು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಮೇಲ್ತುದಿಯಲ್ಲಿ ಮುಕ್ಕಾಲು ಕಡಿಮೆ ನಾಲ್ಕಲ್ಲ, ಮೂರೂಮುಕ್ಕಾಲು ಅಂಗುಲ ದಪ್ಪ ತುಂಬಬೇಕಾಗುವುದು. ಸರಾಸರಿಯಲ್ಲಿ ಚದರ ಅಡಿಗೆ ಒಂಬತ್ತು ಕಿಲೋಗೂ ಹೆಚ್ಚು. ನಡುವೆ ಏಣು ಮಾಡಿ ಎರಡು ಕಡೆಗೂ ಹರಿಸಿದರೆ ಇದರಲ್ಲಿ ಅರ್ಧ ಸಾಕು.

ನೀರು ಹೊರಬೀಳುವ ದೋಣಿ ಅಥವಾ ಕೊಳವೆ ಎಷ್ಟು ಚಿಕ್ಕ ಮಾಳಿಗೆಯಾದರೂ ಎರಡಕ್ಕಿಂತ ಕಡಿಮೆ ಇರಕೂಡದು. ಒಂದರಲ್ಲಿ ಅರಳಿಯ ಎಲೆಯೋ ಪಾರಿವಾಳದ ಗೂಡೋ ಸಿಕ್ಕಿದಾಗ ಮತ್ತೊಂದು ಕೆಲಸ ಮಾಡಬೇಕು. ಎರಡೂ ಕಟ್ಟಿದ ದಿನಕ್ಕಾಗಿ ಕೈಪಿಡಿಗೋಡೆಯಲ್ಲಿ ಎರಡಂಗುಲ ಎತ್ತರದಲ್ಲಿ ಬೇರೊಂದು ಕಂಡಿಯನ್ನು ಬಿಟ್ಟಿರಬೇಕು. ನಾಲ್ಕು ಅಂಗುಲ ನೀರು ನಿಂತರೆ ಚದರ ಅಡಿಗೆ ಸುಮಾರು ೯.೬ ಕಿಲೋ, ಹತ್ತು ಅಡಿ ಚೌಕದ ಅಂಕಣದ ಮೇಲೆ ಹದಿನೈದು ಜನರು ರಾತ್ರಿಯಿಡೀ ನಿಂತಂತೆ. ದೋಣಿಯ ನೀರು ಅಡಿಪಾಯದ ಬುಡದಲ್ಲಿಯೇ ಬಿದ್ದು ಇಂಗದಂತೆ ಕೆಳಗೆ ಕಲ್ಲಿನ ಕಾಲುವೆಯನ್ನೂ ಮಾಡಬೇಕು.

ಕಲ್ಲಿನ ಹಳೆಯ ಮಾಳಿಗೆಗೆ ಸುಣ್ಣದ ಗಚ್ಚೇ ಯೋಗ್ಯವಾದ ಹೊದಿಕೆ. ಗಟ್ಟಿಯಾದ ಸಿಮೆಂಟಿನ ಪದರವು ಹಳೆಯ ಸುಣ್ಣದೊಡನೆ ಹೊಂದಿಕೊಳ್ಳದೆ ಬಿರುಕುಬಿಡುವುದು. ಬಿರುಕಿನಿಂದ ಇಳಿದ ನೀರು ಮತ್ತೆ ಆರಿಹೋಗದಂತೆ ಅದೇ ಪದರ ತಡೆಯುವುದು. ಇಟ್ಟಿಗೆ ಚೂರು ಮತ್ತು ಅರಳಿದ ಸುಣ್ಣವನ್ನು ಕಲಸಿ ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಚಿಮುಕಿಸುತ್ತ, ಮರದ ಬಡಿಮಣೆಗಳಿಂದ ದಿನಗಟ್ಟಲೆ ಬಡಿಯುವ ಕ್ರಮ ಹಿಂದಿನವರದು. ಬಡಿಮಣೆಯ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ, ಬೇಗನೆ ಒಣಗದಂತೆ ಹುಲ್ಲು ಹೊದಿಸಿ ನೀರುಣಿಸುತ್ತಿದ್ದರು. ಆರ್.ಸಿ.ಸಿ. ಮಾಳಿಗೆಯಾದರೆ ನೀರು ತಡೆಯುವ ಹಾಳೆಯನ್ನೋ ಲೇಪವನ್ನೋ ಹಾಕಿ, ಕೈಪಿಡಿಗೋಡೆಯ ಬುಡದಲ್ಲಿ ಆರು ಅಂಗುಲವಾದರೂ ಮೇಲಕ್ಕೆ ಏರಿಸಿ ಮುಗಿಸಬೇಕು. ಅನೇಕ ಮಾಳಿಗೆಗಳು ಸೋರುವುದು ನಡುವಿನಲ್ಲಲ್ಲ, ಈ ಮೂಲೆಗಳಲ್ಲಿ.

ಹಾಸುಗಲ್ಲಿನ ಕ್ರಮ

ಹಾಸುಗಲ್ಲು ನೀರನ್ನು ತಡೆಯುವುದೆಂಬುದು ದೊಡ್ಡ ತಪ್ಪು ತಿಳಿವಳಿಕೆ. ಕಲ್ಲಿನ ಸಂದುಗಳಿಂದ ನೀರು ಇಳಿದೇ ಇಳಿಯುವುದು. ನೀರನ್ನು ತಡೆಯುವುದು ಕೆಳಗಿನ ಗಚ್ಚು ಅಥವಾ ಹಾಳೆ. ಆ ಗಚ್ಚನ್ನು ಕಾಲಿನ ಸವೆತದಿಂದಲೂ ಬಿಸಿಲಿನಿಂದಲೂ ಕಾಪಾಡುವುದು ಹಾಸುಗಲ್ಲು. ಆದುದರಿಂದ ಸೋರುವ ಮಾಳಿಗೆಯ ಮೇಲೆ ಹಾಸುಗಲ್ಲನ್ನು ಹಾಕುವುದು ಹುಣ್ಣಿನ ಮೇಲೆ ಪಟ್ಟೆಬಟ್ಟೆ ಹೊದಿಸಿದಂತೆ. ಮೊದಲು ಗಚ್ಚನ್ನು ಮುಗಿಸಿ, ದೋಣಿಗಳನ್ನು ಮುಚ್ಚಿ, ಎಂಜಿನಿಯರರು ಒಪ್ಪಿದಷ್ಟು ನೀರನ್ನು ಒಂದೆರಡು ದಿನ ನಿಲ್ಲಿಸಿ, ಕೆಳಗೆ ತೇವ ಕಾಣಲಿಲ್ಲವೆಂದು ಖಚಿತವಾದ ಮೇಲೆಯೇ ಹಾಸುಗಲ್ಲಿಗೆ ಕೈಹಾಕತಕ್ಕದ್ದು.

ಬಿಸಿಲಿಗೆ ಕಲ್ಲು ಹಿಗ್ಗುವುದು, ಚಳಿಗೆ ಕುಗ್ಗುವುದು. ಮಾಗಿಯ ಮುಂಜಾವಿಗೂ ವೈಶಾಖದ ಮಧ್ಯಾಹ್ನಕ್ಕೂ ಮಾಳಿಗೆಯ ಮೈಯ ಉಷ್ಣತೆಯಲ್ಲಿ ೪೦ ಡಿಗ್ರಿ ವ್ಯತ್ಯಾಸವಿದ್ದರೆ ಮೂವತ್ತು ಅಡಿ ಉದ್ದದ ಹಾಸು ೩ರಿಂದ ೪ ಮಿಲಿಮೀಟರು ಬೆಳೆಯುವುದು. ಆ ಬೆಳವಣಿಗೆಗೆ ಸ್ಥಳ ಬಿಡದಿದ್ದರೆ ಕಲ್ಲು ಉಬ್ಬಿ ಏಳುವುದು, ಇಲ್ಲವೆ ಕೈಪಿಡಿಗೋಡೆಯನ್ನು ಹೊರಕ್ಕೆ ತಳ್ಳುವುದು. ಹಾಸನ್ನು ಹತ್ತು ಹತ್ತು ಅಡಿಯ ಚೌಕಗಳಾಗಿ ವಿಂಗಡಿಸಿ, ನಡುವೆಯೂ ಗೋಡೆಯ ಬುಡದಲ್ಲಿಯೂ ಬೆರಳಗಲ ಸಂದು ಬಿಟ್ಟು, ಆ ಸಂದನ್ನು ಮೆತ್ತಗಿರುವ ವಸ್ತುವಿನಿಂದ ತುಂಬಬೇಕು.

ಆರ್.ಸಿ.ಸಿ. ಮಾಳಿಗೆಗೆ ಮತ್ತೊಂದು ವಿಧಾನವಿದೆ. ಎರಡಡಿ ಚೌಕದ ಹಾಸುಬಿಲ್ಲೆಗಳನ್ನು ಗಾರೆಯಿಲ್ಲದೆ, ಮೂಲೆ ಸೇರುವ ಕಡೆ ಅಗಲವಾದ ಅಡಿಕಟ್ಟುಗಳ ಮೇಲೆ ಕೂರಿಸುವುದು. ನೀರು ಸಂದುಗಳಿಂದ ಇಳಿದು ಬಿಲ್ಲೆಗಳ ಕೆಳಗೆ ಹರಿದುಹೋಗುವುದು. ಗಾರೆಯ ತೂಕ ಉಳಿಯುವುದು. ಎಲ್ಲಿಯಾದರೂ ಸೋರಿದರೆ ಒಂದು ಬಿಲ್ಲೆಯನ್ನೆತ್ತಿ ನೋಡಿ ಮತ್ತೆ ಇಡಬಹುದು. ಆದರೆ ಭಾರವೆಲ್ಲವೂ ಅಡಿಕಟ್ಟುಗಳಲ್ಲಿಯೇ ಊರುವುದರಿಂದ, ಅವುಗಳ ಕೆಳಗೆ ಹಾಳೆ ಹರಿಯದಂತೆ ರಕ್ಷಣೆಯ ಪದರವಿರಬೇಕು.

ಕಲ್ಲನ್ನು ಆರಿಸುವಾಗ ಭಕ್ತರು ಬರಿಗಾಲಿನಲ್ಲಿ ನಡೆಯುವರೆಂಬುದನ್ನು ನೆನೆಯಬೇಕು. ಕಡಪದ ಕರಿಯ ಕಲ್ಲು ಚೈತ್ರದ ಬಿಸಿಲಿನಲ್ಲಿ ಕಾದ ಹೆಂಚಿನಂತಾಗುವುದು. ಬೇತಂಚೆರ್ಲ ಅಥವಾ ತಾಂಡೂರಿನ ತಿಳಿಬಣ್ಣದ ಕಲ್ಲು ಅಷ್ಟು ಕಾಯದು. ಹೊಳಪು ಕೊಟ್ಟ ಕಲ್ಲು ಸರ್ವಥಾ ಸಲ್ಲದು. ದೀಪದ ಎಣ್ಣೆಯೂ ಮಳೆಯ ನೀರೂ ಸೇರಿದರೆ ವೃದ್ಧರು ಜಾರಿ ಬೀಳುವರು. ಮೇಲ್ಮೈ ಒರಟಾಗಿರಲಿ.

ಮಾಳಿಗೆಯೆಲ್ಲವನ್ನೂ ಹಾಸಬೇಕೆಂಬ ನಿಯಮವೇನೂ ಇಲ್ಲ. ಗರ್ಭಗೃಹದ ನೆತ್ತಿಯನ್ನು ತುಳಿಯಬಾರದೆಂದು ಹಿರಿಯರು ಹೇಳುವರು. ಆ ಆಚಾರವನ್ನು ಪಾಲಿಸಿದರೆ ಭಾರದ ದೃಷ್ಟಿಯಿಂದಲೂ ಲಾಭವೇ. ಮೆಟ್ಟಿಲಿನಿಂದ ಶಿಖರದವರೆಗೆ, ಗೋಡೆ ಮತ್ತು ತೊಲೆಗಳ ಸಾಲನ್ನು ಹಿಡಿದು ನಾಲ್ಕಡಿ ಅಗಲದ ದಾರಿಯನ್ನು ಮಾತ್ರ ಹಾಸಿ, ಉಳಿದುದನ್ನು ಬರಿಯ ಗಚ್ಚಾಗಿ ಬಿಡಬಹುದು. ಜನರ ಕಾಲು ಹಾಸಿದ ದಾರಿಯನ್ನೇ ಹಿಡಿಯುವುದು. ಹೊರೆಯೂ ಹೊರಬಲ್ಲ ಕಡೆಯೇ ಬೀಳುವುದು. ಅಂಚಿನ ಕೈಪಿಡಿಗೋಡೆ ಮೂರೂಕಾಲು ಅಡಿಗಿಂತ ಕಡಿಮೆ ಇರಕೂಡದು; ಆ ಎತ್ತರವನ್ನು ಹಾಸುಗಲ್ಲಿನ ಮೇಲಿನಿಂದ ಅಳೆಯಬೇಕು. ಹಾಸು ಏರಿದಷ್ಟೂ ಗೋಡೆ ಕುಳ್ಳಾಗುವುದೆಂಬುದನ್ನು ಅನೇಕರು ಮರೆಯುವರು.

ಕೆಲಸದ ಕಾಲದ ಎಚ್ಚರ

ಕಟ್ಟಡಕ್ಕೆ ಅತ್ಯಂತ ಹೆಚ್ಚು ಹೊರೆ ಬೀಳುವುದು ಅನೇಕ ವೇಳೆ ಉತ್ಸವದಲ್ಲಲ್ಲ, ದುರಸ್ತಿಯ ಕಾಲದಲ್ಲಿ. ಹಾಸುಗಲ್ಲುಗಳನ್ನು ಮೂರಡಿ ಎತ್ತರಕ್ಕೆ ಒಂದರ ಮೇಲೊಂದು ಪೇರಿಸಿದರೆ ಚದರ ಅಡಿಗೆ ೨೨೦ ಕಿಲೋ ಮೀರುವುದು. ಮರಳಿನ ಗುಡ್ಡೆಯೂ ಕಡಿಮೆಯಲ್ಲ. ಸಾಮಾನನ್ನು ನೆಲದಲ್ಲಿಯೇ ಇಟ್ಟು, ಅಂದಿನ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಮೇಲೇರಿಸಿ, ಗೋಡೆಯ ನೆತ್ತಿಯಲ್ಲಿ ಚದುರಿಸಿ ಇಡಬೇಕು. ಹಳೆಯ ಪದರಗಳನ್ನು ಭಾರಿ ಸುತ್ತಿಗೆಯಿಂದ ಗುದ್ದಕೂಡದು. ತೆಗೆದ ಮಣ್ಣನ್ನು ಪಕ್ಕದ ಅಂಕಣದ ಮೇಲೆ 'ನಾಳೆ ಸಾಗಿಸೋಣ' ಎಂದು ಗುಡ್ಡೆ ಹಾಕಕೂಡದು. ಬಿರುಕಿರುವ ತೊಲೆಗೆ ಮೊದಲು ಕೆಳಗಿನಿಂದ ಊರುಗಂಬ ಕೊಟ್ಟು, ಆ ಅಂಕಣದ ಕೆಳಗೆ ಯಾರೂ ಓಡಾಡದಂತೆ ಹಗ್ಗ ಕಟ್ಟಿ ಆಮೇಲೆ ಕೆಲಸ ಹಿಡಿಯಬೇಕು.

ದಾನ ಮತ್ತು ದಾಖಲೆ

ಜೀರ್ಣೋದ್ಧಾರಕ್ಕೆ ಹಣ ಕೂಡಿಸುವಾಗ ಚದರ ಅಡಿ ಹಾಸುಗಲ್ಲಿಗೆ ಇಷ್ಟು ಕಾಣಿಕೆಯೆಂದು ಗೊತ್ತುಮಾಡಿ, ಕಲ್ಲಿನ ಮೇಲೆ ದಾನಿಯ ಹೆಸರನ್ನು ಕೆತ್ತುವ ಪದ್ಧತಿ ಬಳಕೆಯಲ್ಲಿದೆ. ಭಕ್ತಿಯಿಂದ ಬಂದ ಕಲ್ಲನ್ನು ಬೇಡವೆನ್ನುವುದು ಧರ್ಮದರ್ಶಿಗಳಿಗೆ ಕಷ್ಟ. ಹತ್ತು ಕಲ್ಲು ಬೇಕಾದ ಕಡೆ ನೂರು ಕಲ್ಲು ಬಂದರೆ, ಉಳಿದುವನ್ನು ಮಾಳಿಗೆಗೇ ಏರಿಸುವ ಮೋಹ ಹುಟ್ಟುವುದು. ಇಂಥಲ್ಲಿ ದಾನಿಗಳಿಗೆ ವಿನಯದಿಂದ ತಿಳಿಯಹೇಳಿ, ಹೆಸರಿನ ಕಲ್ಲುಗಳನ್ನು ನೆಲದ ಪ್ರದಕ್ಷಿಣಾಪಥಕ್ಕೆ ಹಾಸುವುದೇ ವಿಹಿತ. ಭೂಮಿತಾಯಿ ಎಷ್ಟು ಕಲ್ಲನ್ನಾದರೂ ಹೊರುವಳು. ಮಂಟಪದ ತೊಲೆ ಹೊರಲಾರದು. ಮಾಳಿಗೆಯಿಂದ ಒಂದು ಬಂಡಿ ಮಣ್ಣನ್ನು ಇಳಿಸಿಕೊಟ್ಟವನ ಸೇವೆಯೂ ಒಂದು ಬಂಡಿ ಕಲ್ಲನ್ನು ಕೊಟ್ಟವನ ಸೇವೆಗಿಂತ ಕಿರಿದೇನಲ್ಲ. ಆದರೆ ಆ ಸೇವೆಗೆ ಶಿಲಾಫಲಕವಿಲ್ಲವೆಂದು ಯಾರೂ ಮುಂದೆ ಬಾರದಿರುವುದು ಶೋಚನೀಯ.

ಕೊನೆಯದಾಗಿ, ಪ್ರತಿಯೊಂದು ದೇವಾಲಯದಲ್ಲಿಯೂ ಆಸ್ತಿಪಾಸ್ತಿಯ ಖಾತೆಯಿರುವಂತೆ ಮಾಳಿಗೆಯದೂ ಒಂದು ಖಾತೆಯಿರತಕ್ಕದ್ದು. ಯಾವ ವರ್ಷ ಯಾವ ಪದರ ತೆಗೆಯಲಾಯಿತು, ಯಾವುದು ಹಾಕಲಾಯಿತು, ದಪ್ಪವೆಷ್ಟು, ತೂಕವೆಷ್ಟು, ಯಾವ ತೊಲೆಯಲ್ಲಿ ಬಿರುಕಿತ್ತು, ಮಳೆಗಾಲಕ್ಕೆ ಮೊದಲು ದೋಣಿಗಳನ್ನು ಯಾವ ದಿನ ಶುಚಿಮಾಡಲಾಯಿತು, ಚಿಗುರಿದ ಅರಳಿಯ ಸಸಿಯನ್ನು ಬೇರುಸಹಿತ ಕಿತ್ತದ್ದು ಎಂದು, ಇವೆಲ್ಲವೂ ಅದರಲ್ಲಿ ಬರೆದಿರಬೇಕು. ಹಿಂದಿನ ಉದಾಹರಣೆಯ ಅಂಕಣದಲ್ಲಿ ಮಣ್ಣು ಹಾಕಿದವರಿಗೂ ಸಿಮೆಂಟ್ ಹಾಕಿದವರಿಗೂ ದುರುದ್ದೇಶವಿರಲಿಲ್ಲ. ಹಿಂದಿನವರು ಎಷ್ಟು ಏರಿಸಿದ್ದರೆಂಬ ಬರವಣಿಗೆ ಅವರ ಕೈಗೆ ಸಿಕ್ಕಲಿಲ್ಲ, ಅಷ್ಟೆ. ಹಾಗೆಯೇ ಮೆಟ್ಟಿಲಿನ ಬಾಗಿಲಿನಲ್ಲಿ, ಎಂಜಿನಿಯರರು ಗೊತ್ತುಮಾಡಿದಂತೆ ಒಂದೇ ಸಲಕ್ಕೆ ಎಷ್ಟು ಜನರು ಮೇಲೇರಬಹುದೆಂಬುದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ದಪ್ಪ ಅಕ್ಷರಗಳಲ್ಲಿ ಬರೆಸಿ, ಉತ್ಸವದ ದಿನಗಳಲ್ಲಿ ಆ ಬಾಗಿಲಿಗೆ ಒಬ್ಬ ಜವಾಬ್ದಾರಿಯ ಮನುಷ್ಯನನ್ನು ನಿಲ್ಲಿಸಬೇಕು.

ಮಯಮತದಂಥ ಶಿಲ್ಪಗ್ರಂಥಗಳಲ್ಲಿ ಜೀರ್ಣೋದ್ಧಾರಕ್ಕೆಂದೇ ಪ್ರತ್ಯೇಕವಾದ ಅಧ್ಯಾಯವಿದೆ. ಹೊಸದನ್ನು ಕಟ್ಟುವಷ್ಟೇ ಗೌರವವನ್ನು ಹಳೆಯದನ್ನು ಉಳಿಸುವುದಕ್ಕೂ ಪ್ರಾಚೀನರು ಕೊಟ್ಟಿದ್ದರೆಂಬುದಕ್ಕೆ ಇದು ಸಾಕ್ಷಿ. ಉಳಿಸುವುದೆಂದರೆ ಮೇಲೆ ಮೇಲೆ ಸೇರಿಸುವುದಲ್ಲ. ಹೊತ್ತು ದಣಿದ ಕಲ್ಲಿನ ಹೆಗಲನ್ನು ಹಗುರಮಾಡುವುದು. ತೇರು ಎಳೆಯುವ ದಿನ ಮಾಳಿಗೆಯ ಮೇಲೆ ನಿಂತ ಮಗುವೂ ಕೆಳಗೆ ಮಂಟಪದಲ್ಲಿ ಕುಳಿತ ಅಜ್ಜಿಯೂ ನಿಶ್ಚಿಂತೆಯಿಂದ ಸ್ವಾಮಿಯನ್ನು ನೋಡುವಂತಾದರೆ, ಕಾಣದ ಆ ಮಾಳಿಗೆಗೆ ಹಾಕಿದ ಲೆಕ್ಕ, ಪಟ್ಟ ಶ್ರಮ, ಕೊಟ್ಟ ದ್ರವ್ಯ ಎಲ್ಲವೂ ಸಾರ್ಥಕವಾದಂತೆಯೇ ಸರಿ. ಭಗವಂತನು ಸರ್ವರಿಗೂ ಮಂಗಳವನ್ನುಂಟುಮಾಡಲಿ.